ಜೀಪಿನ ಸೊಂಟ

ಫೆಬ್ರವರಿ 7, ಬುಧವಾರ

ಈ ದೇಶದಲ್ಲಿ ನನ್ನಷ್ಟು ಚೆನ್ನಾಗಿ ಗಾಡಿ ಓಡಿಸುವವನು ಇನ್ನೊಬ್ಬನಿದ್ದ. ಅವನೂ ನನ್ನ ಕೈಯಲ್ಲೇ ಕಲಿತವನು. ತೀರಿಕೊಂಡ. ಈಗ ಉಳಿದಿರುವುದು ಈ ಕೋದಂಡರಾಮಪ್ಪ ಒಬ್ಬನೇ.

ಬೆಳಿಗ್ಗೆ ಎಂದಿನಂತೆ. ಗಾಡಿಯ ಹೀಟರ್ ಕಾಯಿಸಿದೆ, ಒಂದೇ ಸೆಲ್ಫ್ ಸ್ಟಾರ್ಟಿಗೆ ಇಂಜಿನ್ ಎದ್ದಿತು. ಹೊಗೆ ಸ್ವಲ್ಪ ಜಾಸ್ತಿ — ಚಳಿಗೆ. ಅರಳಿಕಟ್ಟೆಯ ಹತ್ತಿರ ಎಲ್ಲರೂ ಬುತ್ತಿ ಚೀಲ ಹಿಡಿದು ನಿಂತಿದ್ದರು. ಒಂಬತ್ತು ಹೆಂಗಸರು. ಹಿಂದಿನ ಎರಡು ಬೆಂಚಿನಲ್ಲಿ ಎಂಟು, ಮುಂದೆ ನನ್ನ ಪಕ್ಕ ದೊಡ್ಡಗಂಗಮ್ಮ. ಅವಳ ಮೊಣಕಾಲು ಮಡಚುವುದಿಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ಹುಣಸೆಹಣ್ಣು ಬಿಡಿಸುವ ಕೆಲಸ ಇವರಿಗೆ. ಮೇ ಬಂತೆಂದರೆ ಮಾವಿನಕಾಯಿ ಆರಿಸುವುದು.

ಅಂಬಾಸಿಡರ್ ಎಸ್ಟೇಟ್ — ಡಿಕ್ಕಿ ಇರುವ ಕಡೆ ಉದ್ದಕ್ಕೆ ಕೋಣೆ ಇರುವ ಮಾದರಿ — ಇಡೀ ತಾಲ್ಲೂಕಿಗೆ ಒಂದೇ. ಅದರಲ್ಲಿ ಮ್ಯಾಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಇರುವುದು ಇಡೀ ಪ್ರಪಂಚಕ್ಕೇ ಒಂದು. ಕೂರಿಸಿದ್ದು ಮುಳಬಾಗಿಲಿನ ನಜೀರ್ ಅಹಮದ್. ಐಡಿಯಾ ನನ್ನದು.

ದಾರಿಯಲ್ಲಿ ಚಿರತೆಯ ಕತೆ ಹೇಳಿದೆ. ಬರೀ ಹಾರ್ನ್ ಹೊಡೆದು ಚಿರತೆಯನ್ನು ಮರ ಹತ್ತಿಸಿದ್ದು.

"ಹೋದ ವಾರ ಅದು ಕರಡಿ ಆಗಿತ್ತಲ್ಲ ಮಾವ," ಅಂದಳು ಮುನಿಯಲ್ಲಮ್ಮ.

"ಕರಡಿ ಬೇರೆ, ಚಿರತೆ ಬೇರೆ."

"ಮರ ಅದೇನಾ?"

ಗಾಡಿ ಪೂರ್ತಿ ನಗು. ಮುನ್ನೀ ಬೀ ಸೆರಗು ಬಾಯಿಗೆ ಒತ್ತಿಕೊಂಡು, "ಅಣ್ಣಾ, ನೀವು ಹೇಳ್ರಿ. ಅದು ಇಳೀತೋ, ಇನ್ನೂ ಮೇಲೇ ಇದೆಯೋ ಪಾಪ?" ಅಂದಳು.

ಇಳಿಯಿತು ಅಂದೆ. ಇಳಿದು ನಮಸ್ಕಾರ ಹಾಕಿ ಹೋಯಿತು ಅಂದೆ.

ಸಂಜೆ ಎಲ್ಲರನ್ನೂ ಬಿಟ್ಟು ಮನೆಗೆ ಬಂದೆ. ಬಾಗಿಲು ತೆಗೆದೆ. ಅನ್ನಕ್ಕೆ ಇಡಲು ಮನಸ್ಸಾಗಲಿಲ್ಲ. ಬನ್ನು, ಟೀ. ಟಿವಿಯವನು ಏನೋ ಹೇಳುತ್ತಿದ್ದ. ಅವನಿಗೆ ಎದುರು ಮಾತಾಡಿದರೆ ಕೇಳಿಸುವುದಿಲ್ಲ.

ಫೆಬ್ರವರಿ 13

ದಿನ್ನೆ ಹತ್ತುವಾಗ ಕಟಕ್ ಅಂತ ಒಂದು ಶಬ್ದ. ಇಂಜಿನ್ ಓಡುತ್ತಿದೆ, ಗೇರಿನಲ್ಲಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿದೆ. ಹೆಂಗಸರೆಲ್ಲ ಕಿರುಚಿದರು. ಹ್ಯಾಂಡ್‌ಬ್ರೇಕ್ ಎಳೆದೆ. ಮುನಿಯಲ್ಲಮ್ಮ ಹಿಂದಿನ ಬಾಗಿಲಿನಿಂದ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟಳು.

ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ಕಟ್.

"ಬೇಕಂತಲೇ ನಿಲ್ಲಿಸಿದ್ದು. ಬ್ರೇಕ್ ಹಿಡಿಯುತ್ತದೋ ಇಲ್ಲವೋ ನೋಡೋಣ ಅಂತ," ಎಂದೆ.

ಯಾರೂ ನಗಲಿಲ್ಲ. ಎಂಟು ಜನ ನಡೆದುಕೊಂಡು ಮೇನ್ ರೋಡಿಗೆ ಹೋದರು. ದೊಡ್ಡಗಂಗಮ್ಮನನ್ನು ಹಾಲಿನ ವ್ಯಾನ್ ಬರುವವರೆಗೆ ಗಾಡಿಯಲ್ಲೇ ಕೂರಿಸಿಕೊಂಡಿದ್ದೆ. ಕೊನೆಗೆ ಅವಳೇ, "ಗಾಡಿ ಕೆಟ್ಟರೆ ಕೆಡಲಿ ಬಿಡಪ್ಪ. ನೀನು ಯಾಕೆ ಮುಖ ಹಾಗೆ ಮಾಡ್ಕಂಡಿದೀಯ," ಅಂದಳು.

ಫೆಬ್ರವರಿ 15, ಮುಳಬಾಗಿಲು

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಜನ ನೋಡುತ್ತಿದ್ದರು. ಸ್ಟೇರಿಂಗ್ ಹಿಡಿದು ಟ್ರಾಕ್ಟರನ್ನು ನಾನೇ ತಳ್ಳುತ್ತಿರುವ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ.

ನಜೀರ್ ಗಾಡಿಯ ಕೆಳಗೆ ಮಲಗಿ ಬಹಳ ಹೊತ್ತು ಟಾರ್ಚ್ ಬಿಟ್ಟ. ಆಚೆ ಬಂದು ಕೈ ಒರೆಸಿಕೊಂಡ.

"ಅಣ್ಣಾ, ಇಂಜಿನ್ ಪೈಲ್ವಾನಂದು ಹಾಕಿದೀವಿ. ಸೊಂಟ ಮಾತ್ರ ಬಾಣಂತೀದು. ಬೇರೆ ಶಾಫ್ಟ್ ಹಾಕ್ಲಾ, ಹಾಕ್ತೀನಿ. ಮುಂದಿನ ತಿಂಗಳು ಅದೂ ಹೋಗ್ತದೆ."

"ಮತ್ತೆ?"

"ಜೀಪಿನ ಹೌಸಿಂಗ್ ತಂದು ಹಾಕ್ಬೇಕು. ಎರಡು ಚಕ್ರದ ಮಧ್ಯೆ ಇರೋ ಪೂರಾ ತೊಲೆ. ಭಾರ ಹೊರೋ ಸ್ಪ್ರಿಂಗ್ ಪಟ್ಟಾ ಸೆಟ್ಟೂ ಹೊಸದು. ನೋಡಿ ಈ ಪಟ್ಟಾ — ಬಿಲ್ಲಿನ ಥರ ಬಾಗಿರಬೇಕು, ಹಲಗೆ ಥರ ಮಲಗಿದೆ. ಇಲ್ಲಾಂದ್ರೆ ಒಂದು ಕೆಲಸ ಮಾಡಿ. ಒಂಬತ್ತು ಜನಾನ ನಾಲ್ಕು ಮಾಡಿ."

ನಾಲ್ಕು ಮಾಡುವುದಂತೆ. ಯಾರನ್ನು ಬಿಡಲಿ? ಮುನಿಯಲ್ಲಮ್ಮನನ್ನು ಬಿಟ್ಟರೆ ಎದುರು ಮಾತಿಲ್ಲ. ಮುನ್ನೀ ಬೀಯನ್ನು ಬಿಟ್ಟರೆ "ಆಮೇಲೆ?" ಅನ್ನುವವರಿಲ್ಲ.

ಜೀಪಿನದೇ ಹಾಕು ಅಂದೆ. ಮಾವಿನ ಸೀಸನ್ ಶುರುವಾಗುವುದರೊಳಗೆ ಆಗಬೇಕು ಅಂದೆ. ಊರಿಗೆ ಬಂದು ಕಟ್ಟೆಯ ಹತ್ತಿರ ಎಲ್ಲರಿಗೂ ಹೇಳಿದೆ. "ಮಾವಿಗೆ ಗಾಡಿ ರೆಡಿ. ಮಾತು ಅಂದ್ರೆ ಮಾತು."

"ಯಾವ ವರ್ಷದ ಮಾವಿಗೆ ಮಾವ?" — ಯಾರು ಕೇಳಿದ್ದು ಅಂತ ಬರೆಯಬೇಕಾಗಿಲ್ಲ.

ಫೆಬ್ರವರಿ 26

ನಮ್ಮ ಮಾವಿನ ತೋಪು ಕೊಟ್ಟೆ. ಹೂವಿಗೇ.

ನಮ್ಮ ಕಡೆ ಎಲ್ಲರೂ ಒಂದಲ್ಲ ಒಂದು ವರ್ಷ ಮಾಡುವುದೇ. ಮರ ಹೂ ಬಿಟ್ಟಾಗಲೇ ವ್ಯಾಪಾರಿಗೆ ಫಸಲು ಮಾರುವುದು. ಕಾಯಿ ನಿಂತರೆ ಅವನ ಪುಣ್ಯ, ಉದುರಿದರೆ ಅವನ ಕರ್ಮ. ಮಂಡಿಯ ಅಮರನಾಥ್ ಬಂದಿದ್ದ. ಮರ ಮರ ಸುತ್ತಿದ. ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ಅದರ ಕೆಳಗೆ ನನ್ನ ಬೆರಳು ಹಿಡಿದ, ಒತ್ತಿದ, ಬಿಟ್ಟ, ಮತ್ತೆ ಹಿಡಿದ. ಸುತ್ತ ನಿಂತವರಿಗೆ ಎಷ್ಟು ಅಂತ ತಿಳಿಯಬಾರದು. ನಮ್ಮ ಅಪ್ಪನ ಕಾಲದಿಂದ ಹೀಗೆ.

"ಕೋದಂಡಪ್ಪನೋರೇ, ಹೂವಿನ ರೇಟು ಹೂವಿಂದು, ಹಣ್ಣಿನ ರೇಟು ಹಣ್ಣಿಂದು. ಆಮೇಲೆ ನನ್ನ ಹತ್ರ ಬಂದು ಅಳಬಾರದು."

"ಈ ಸಲ ಹೂ ನಿಲ್ಲಲ್ಲ ಕಣಯ್ಯ. ನಿನಗೇ ಲಾಸು. ಪಾಪ ಅಂತ ಕೊಡ್ತಿದೀನಿ."

ಅವನು ನಕ್ಕ. ಎಷ್ಟಕ್ಕೆ ಅಂತ ಆ ಟವಲಿಗೆ ಗೊತ್ತು. ಇಲ್ಲೂ ಬರೆಯುವುದಿಲ್ಲ. ಒಳ್ಳೇ ರೇಟು.

ಮಾರ್ಚ್ 4, ಕೋಲಾರ

ನಜೀರನ ಜೊತೆ ಗುಜರಿಗೆ ಹೋಗಿದ್ದೆ. ಸಾಲು ಸಾಲು ಆಕ್ಸಲ್‌ಗಳು, ಸತ್ತ ಎತ್ತುಗಳ ಬೆನ್ನುಮೂಳೆಯ ಹಾಗೆ ಬಿದ್ದಿದ್ದವು. ನಜೀರ್ ಒಂದೊಂದರ ಚಕ್ರ ತಿರುಗಿಸಿ ಕಿವಿ ಕೊಟ್ಟ. ನಾನೂ ಕೊಟ್ಟೆ. ಅವನಿಗೆ ಕೇಳಿಸಿದ್ದೇನೋ ನನಗೆ ಕೇಳಿಸಲಿಲ್ಲ. ಆದರೂ ತಲೆಯಾಡಿಸಿ "ಇದೇ" ಅಂದೆ. ಅವನು ಬೇರೆಯದನ್ನು ತೋರಿಸಿದ. "ಅದೇ ನಾನೂ ಹೇಳಿದ್ದು" ಅಂದೆ.

ಹಳೇ ಜೀಪಿನದು. ನಡುವೆ ಗುಂಡುಕಲ್ಲಿನಂಥ ಹೊಟ್ಟೆ. ಎರಡು ಚಕ್ರ ಸಮೇತ ತಗೊಂಡೆವು, ನಮ್ಮ ಚಕ್ರ ಅದಕ್ಕೆ ಕೂರುವುದಿಲ್ಲ. ಇನ್ನು ಮೇಲೆ ಮುಂದೆ ಒಂದು ಜಾತಿಯ ಚಕ್ರ, ಹಿಂದೆ ಒಂದು ಜಾತಿ. ಸ್ಟೆಪ್ನಿ ಎರಡು ಇಟ್ಟುಕೊಳ್ಳಬೇಕು.

ಎಲ್ಲ ಸೇರಿ ಹದಿನೈದು ಸಾವಿರದಲ್ಲಿ ಮುಗಿಸುತ್ತೇನೆ. ಇನ್ನೊಬ್ಬನಾಗಿದ್ದರೆ ಐವತ್ತು.

ಬಿರಿಯಾನಿ ತಿಂದೆವು. ಗೂಡ್ಸ್ ಆಟೋದಲ್ಲಿ ಆಕ್ಸಲ್ ಪಕ್ಕ ನಾನೇ ಕೂತು ಬಂದೆ. ಹೊಂಡ ಬಂದಾಗಲೆಲ್ಲ ಕೈಯಲ್ಲಿ ಅಮುಕಿ ಹಿಡಿದುಕೊಳ್ಳುತ್ತಿದ್ದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ತಾತಾ, ಅದು ಎದ್ದು ಓಡಿಹೋಗಲ್ಲ," ಅಂದ. ತಾತ ಅಂತೆ.

ಮಾರ್ಚ್ 21

ಹದಿನೈದು ದಿನದ ಮೇಲಾಯಿತು ಬರೆದು. ಬರೆಯುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ ಎಚ್ಚರ ಅದೇ ಹೊತ್ತಿಗೆ ಆಗುತ್ತದೆ. ಹೀಟರ್ ಕಾಯಿಸಲು ಗಾಡಿ ಇಲ್ಲ. ಕಟ್ಟೆಯ ಹತ್ತಿರ ಹೋಗುತ್ತೇನೆ. ಅವರು ಬೆಳಕು ಹರಿಯುವ ಮೊದಲೇ ನಡೆದು ಹೋಗಿರುತ್ತಾರೆ.

ಇವತ್ತು ಮುಳಬಾಗಿಲಿಗೆ ಹೋದೆ. ರಂಜಾನ್, ನಜೀರ್ ರೋಜಾ ಉಪವಾಸದಲ್ಲಿದ್ದಾನೆ. ಅವನ ಮುಂದೆ ಟೀ ಕುಡಿಯಬಾರದು ಅಂತ ನಾನೂ ಕುಡಿಯಲಿಲ್ಲ. ತಲೆ ನೋವು. ಆದರೆ ಅದೇ ತಲೆಯಲ್ಲಿ ಐಡಿಯಾ ಹೊಳೆಯಿತು.

ಕಷ್ಟ ಏನೆಂದರೆ, ಜೀಪಿನ ತೊಲೆಯಲ್ಲಿ ಪಟ್ಟಾ ಕೂರುವ ಸೀಟು ಕೆಳಗಡೆ ಇದೆ. ನಮಗೆ ಪಟ್ಟಾ ತೊಲೆಯ ಮೇಲೆ ಕೂರಬೇಕು, ಆಗಲೇ ಗಾಡಿ ಎತ್ತರಕ್ಕೆ ನಿಲ್ಲುವುದು, ಹಿಂಭಾಗ ನೆಲಕ್ಕೆ ಉಜ್ಜದೆ ಇರುವುದು. ಸೀಟು ಕತ್ತರಿಸಿ ಮೇಲೆ ವೆಲ್ಡಿಂಗ್ ಮಾಡಬೇಕು, ನಾಲ್ಕು ದಿನದ ಕೆಲಸ ಅಂದ ನಜೀರ್.

"ಕತ್ತರಿಸೋದು ಯಾಕೋ? ಹೌಸಿಂಗನ್ನೇ ಮಗುಚಿ ಹಾಕು. ಕೆಳಗಿರೋ ಸೀಟು ತಾನಾಗಿ ಮೇಲೆ ಬರ್ತದೆ."

ನಜೀರ್ ಗಡ್ಡ ಕೆರೆದುಕೊಂಡ. ಒಂದು ಸಲ ಆಕ್ಸಲ್ ನೋಡಿದ, ಒಂದು ಸಲ ನನ್ನನ್ನು.

"ಅರೆ... ಹೌ. ಇದು ನನ್ನ ತಲೆಗೆ ಬರಲೇ ಇಲ್ವಲ್ಲ ಅಣ್ಣಾ."

"ಬರಲ್ಲ. ತಲೆ ಬೇರೆ ಇರಬೇಕು."

ಇಬ್ಬರೂ ಸೇರಿ ಮಗುಚಿದೆವು. ಸೀಟು ಬರೋಬ್ಬರಿ ಪಟ್ಟಾದ ಕೆಳಗೆ ಬಂದು ಕೂತಿತು. ಇಫ್ತಾರಿನ ಹೊತ್ತಿಗೆ ಸಮೋಸ ತರಿಸಿದೆ. ನಜೀರ್ ಎಲ್ಲರಿಗೂ ಹೇಳಿದ — "ಅಣ್ಣಂದು ಐಡಿಯಾ." ಬಹಳ ದಿನದ ಮೇಲೆ ಹೊಟ್ಟೆ ತುಂಬಿತು.

ಏಪ್ರಿಲ್ 2

ಬರೆಯಬಾರದು ಅಂದುಕೊಂಡಿದ್ದೆ.

ಗ್ಯಾರೇಜಿನ ಮುಂದೆ ಟ್ರಯಲ್. ಪಕ್ಕದ ಟೈರ್ ಅಂಗಡಿಯವನು, ಬಾಳೆಹಣ್ಣಿನವನು, ಬಸ್‌ಸ್ಟಾಂಡಿನ ಕಡೆ ಹೋಗುವವರು, ಎಲ್ಲ ನಿಂತಿದ್ದರು. ನಾನೇ ನಿಲ್ಲಿಸಿದ್ದೆ. "ನೋಡ್ರಯ್ಯ, ಜೀಪಿನ ಸೊಂಟದ ಅಂಬಾಸಿಡರ್!" ಫಸ್ಟ್ ಗೇರ್ ಹಾಕಿದೆ. ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಗೇರ್ ತಪ್ಪಿರಬೇಕು ಅಂತ ಸೆಕೆಂಡ್ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ. ಟೈರುಗಳ ಗುಡ್ಡೆಗೆ ಹೋಗಿ ಕೂತಿತು. ನಜೀರ್ ಓಡಿ ಬಂದು ಕೂಗಿದ — "ರಿವರ್ಸ್ ಹಾಕಿ ಅಣ್ಣಾ, ರಿವರ್ಸ್!" ಹಾಕಿದೆ. ಗಾಡಿ ಮುಂದಕ್ಕೆ ಬಂತು.

ತೊಲೆ ಮಗುಚಿದರೆ ಒಳಗಿನ ಹಲ್ಲುಚಕ್ರವೂ ಆಚೆ ಪಕ್ಕಕ್ಕೆ ಹೋಗುತ್ತದೆ. ಚಕ್ರ ಉಲ್ಟಾ ತಿರುಗುತ್ತದೆ. ಈಗ ನಮ್ಮ ಗಾಡಿಗೆ ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಒಂದೇ ಒಂದು.

ನಜೀರ್ ಮೊದಲು ಸುಮ್ಮನೆ ನಿಂತಿದ್ದ. ಆಮೇಲೆ ಕೂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಒರಗಿಬಿಟ್ಟ. "ನಕ್ಕೋ, ಬೇಡ ಅಣ್ಣಾ, ನಗ್ಸಬೇಡಿ... ರೋಜಾ ಇದೆ... ಗಂಟಲು ಒಣಗಿ ಸತ್ತೋಗ್ತೀನಿ..."

"ಮಂಡಿ ಒಳಗೆ ರಿವರ್ಸೇ ಜಾಸ್ತಿ ಹೊಡೆಯೋದು. ಅದಕ್ಕೇ ಹಾಗೆ ಮಾಡ್ಸಿರೋದು," ಅಂತ ನಿಂತವರಿಗೆ ಹೇಳಿದೆ.

ಟೈರಿನವನು, "ಹಂಗೇ ಕುರುಡುಮಲೆವರೆಗೂ ಹಿಂದಕ್ಕೇ ಹೋಗಿ ಗಣಪತಿಗೆ ಬೆನ್ನು ತೋರಿಸಿ ಬನ್ನಿ," ಅಂದ.

ನಗಲಿ. ನಾನೂ ನಕ್ಕೆ. ಊರಿಗೆ ಬರುವ ಬಸ್ಸಿನಲ್ಲಿ ಇದನ್ನು ಹೇಗೆ ಹೇಳಬೇಕು ಅಂತ ಯೋಚಿಸುತ್ತಿದ್ದೆ, ಎಲ್ಲಿ ನಿಲ್ಲಿಸಬೇಕು, ಮುನಿಯಲ್ಲಮ್ಮ ಎಲ್ಲಿ ಬಾಯಿ ಹಾಕುತ್ತಾಳೆ. ಕಟ್ಟೆಯ ಹತ್ತಿರ ಇಳಿದರೆ ಯಾರೂ ಇರಲಿಲ್ಲ. ಇದು ನಿಂತು ಹೇಳುವ ಕತೆ ಅಲ್ಲ. ದಾರಿ ಬೇಕು ಇದಕ್ಕೆ.

ಏಪ್ರಿಲ್ 11

ಮುನ್ನೀ ಬೀ ಡಬ್ಬಿಯಲ್ಲಿ ರಂಜಾನ್ ಹಬ್ಬದ ಪಾಯಸ, ಶೀರ್ ಖುರ್ಮಾ, ತಂದುಕೊಟ್ಟಳು. ಹೊಸ ಬಳೆ ಹಾಕಿದ್ದಳು. ಬಾಗಿಲ ಆಚೆಯೇ ನಿಂತು, "ಗಾಡಿ ಎಲ್ಲಿಗೆ ಬಂತಣ್ಣಾ?" ಅಂದಳು.

"ಬಂತು ಅಂತಲೇ ತಿಳ್ಕೊ."

"ನೀವಿಲ್ದೆ ದಾರಿ ಉದ್ದ ಆಗೋಗಿದೆ. ಯಾರೂ ಮಾತಾಡಲ್ಲ, ಎಲ್ರಿಗೂ ಕಾಲು ನೋವು. ದೊಡ್ಡಗಂಗಮ್ಮ ಬರೋದೇ ಬಿಟ್ಟಿದಾಳೆ."

ಡಬ್ಬಿ ತೊಳೆದು, ಬರಿದಾಗಿ ಕೊಡಬಾರದು ಅಂತ ಸಕ್ಕರೆ ಹಾಕಿ ವಾಪಸ್ ಕೊಟ್ಟೆ. ಮೊನ್ನೆ ಯುಗಾದಿಗೆ ಒಬ್ಬನೇ ಒಬ್ಬಟ್ಟು ಮಾಡುವುದೇನು ಅಂತ ಮಾಡಿರಲಿಲ್ಲ. ಮಾಡಬೇಕಿತ್ತು.

ದಾರಿ ಉದ್ದ ಆಗಿದೆಯಂತೆ.

ಏಪ್ರಿಲ್ 24, ಮಾಲೂರು

ಸೀಟು ಕತ್ತರಿಸಿ ತೊಲೆಯ ಮೇಲೆ ವೆಲ್ಡಿಂಗ್ ಆಯಿತು. ಮೊದಲು ಹೇಳಿದ್ದು ನಾಲ್ಕು ದಿನ, ಹಿಡಿದದ್ದು ಎರಡು ವಾರ. ಒಳಗಿನ ಬೇರಿಂಗೂ ಹೋಗಿತ್ತು — ಟೈರ್ ಗುಡ್ಡೆಯ ಪ್ರಸಾದ.

ಪಟ್ಟಾ ಬಡಿಸಲು ಮಾಲೂರಿಗೆ ಬಂದೆ. ಲಾರಿಗಳಿಗೆ ಮಾಡಿಕೊಡುವ ಅಂಗಡಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ಬಾಗಿಸುತ್ತಾರೆ. ಎಷ್ಟು ಲೋಡು ಅಂತ ಅಂಗಡಿಯವನು ಕೇಳಿದ.

"ಒಂಬತ್ತು ಹೆಂಗಸರು."

ಅವನು ಸುತ್ತಿಗೆ ಕೆಳಗಿಟ್ಟ. "ಟನ್ನಲ್ಲಿ ಹೇಳಿ ಯಜಮಾನ್ರೆ."

"ನೀನೇ ಬಂದು ಅವರನ್ನ ಕೇಳು, ಎಷ್ಟು ತೂಕ ಅಂತ. ಉಳಿದು ಬಂದ್ರೆ ಆಮೇಲೆ ಪಟ್ಟಾ ಮಾಡು."

ಲಾರಿಯ ಎರಡು ಪಟ್ಟಿ ಹೆಚ್ಚಿಗೆ ಸೇರಿಸು ಅಂದೆ. ಅಷ್ಟು ಬೇಡ, ಖಾಲಿ ಗಾಡಿ ಕುಣಿಯುತ್ತದೆ ಅಂದ. ಖಾಲಿ ಯಾರು ಓಡಿಸುತ್ತಾರೆ ಅಂದೆ.

ತೋಪಿನ ಕಡೆ ಹೋಗಿಲ್ಲ. ಕಾಯಿ ಚೆನ್ನಾಗಿ ನಿಂತಿದೆಯಂತೆ. ಯಾರ್ಯಾರೋ ಬಂದು ಹೇಳುತ್ತಾರೆ. ಹೇಳುವವರಿಗೆ ಬೇರೆ ಕೆಲಸ ಇಲ್ಲ.

ಮೇ 9

ಮುಳಬಾಗಿಲಿನಲ್ಲೇ ಇದ್ದೇನೆ, ನಜೀರನ ಗ್ಯಾರೇಜಿನ ಮಹಡಿಯಲ್ಲಿ. ಊರಿಗೆ ಹೋಗಿ ಬರುವುದರಲ್ಲೇ ದಿನ ಹೋಗುತ್ತಿತ್ತು. ಇವತ್ತು ಎಲ್ಲ ಕೂತಿತು. ಹೊಸ ಯು-ಬೋಲ್ಟ್, ಹೊಸ ಶಾಕ್, ಬ್ರೇಕ್ ಪೈಪ್. ಫಸ್ಟ್ ಗೇರಿಗೆ ಮುಂದಕ್ಕೆ ಹೋಯಿತು. ಇಷ್ಟಕ್ಕೆ ಚಪ್ಪಾಳೆ ತಟ್ಟಿದ ನಜೀರ್.

ಲೋಡ್ ಹಾಕಿ ನೋಡಬೇಕು. ಮರಳು ತುಂಬಿಸಿ ಮೂಟೆ ಕಟ್ಟಿದೆವು. ನಾನೇ ಕೂರಿಸಿದೆ. ದೊಡ್ಡಗಂಗಮ್ಮ ಮುಂದೆ, ಪಕ್ಕದ ಸೀಟಿನಲ್ಲಿ. ಬಲಗಡೆ ಬೆಂಚಿನ ಕೊನೆಗೆ ಮುನಿಯಲ್ಲಮ್ಮ — ಒಂದೂವರೆ ಮೂಟೆ, ಅವಳಿಗೆ ಗೊತ್ತಾಗಬಾರದು. ಎದುರಿಗೆ ಮುನ್ನೀ ಬೀ, ಮುಕ್ಕಾಲು. ನಜೀರ್ ನೋಡುತ್ತ ನಿಂತಿದ್ದ.

"ಸುಮ್ನೆ ರಾಶಿ ಹಾಕಿದ್ರೆ ಆಗಲ್ವಾ ಅಣ್ಣಾ?"

"ತೂಕ ಅವರವರ ಜಾಗದಲ್ಲೇ ಇರಬೇಕು. ನಿನಗೆ ಗೊತ್ತಾಗಲ್ಲ."

ಒಬ್ಬನೇ ಹೊರಟೆ. ಕುರುಡುಮಲೆ ದಾರಿ. ಏನು ಹೇಳಲಿ! ಹೊಂಡಕ್ಕೆ ಇಳಿದರೆ ತೊಟ್ಟಿಲು ತೂಗಿದ ಹಾಗೆ. ತಿರುವಿನಲ್ಲಿ ವಾಲುವುದಿಲ್ಲ. ಏರಿನಲ್ಲಿ ಸೆಕೆಂಡ್ ಗೇರ್, ಕಮಕ್ ಕಿಮಕ್ ಇಲ್ಲ. ಇಂಜಿನ್ನಿಗೆ ತಕ್ಕ ಸೊಂಟ.

ಕತೆ ಶುರು ಮಾಡಿದೆ. ಸಿಂಗಾಪುರದಿಂದ ಒಬ್ಬ ಇಂಜಿನಿಯರ್ ಬಂದು ನಮ್ಮ ಹೌಸಿಂಗ್ ಫೋಟೋ ತೆಗೆದುಕೊಂಡು ಹೋದ ಕತೆ. ಈಗಷ್ಟೇ ಹೊಳೆದದ್ದು. ಜೋರಾಗಿಯೇ ಹೇಳಿದೆ. ಯಾರೂ ಅಡ್ಡ ಮಾತಾಡಲಿಲ್ಲ. "ವಿಮಾನದಲ್ಲಿ ಬಂದನೋ, ಈಜಿಕೊಂಡು ಬಂದನೋ ಮಾವ?" ಅಂತ ಕೊನೆಗೆ ನಾನೇ ಕೇಳಿಕೊಂಡೆ.

ಮಜಾ ಬರಲಿಲ್ಲ. ಬೇಗ ವಾಪಸ್ ಬಂದೆ.

ಮೇ 13, ಸೋಮವಾರ

ಮಂಡಿ ಶುರುವಾಗಿದೆ. ನಿನ್ನೆ ಗಾಡಿ ತೊಳೆದೆ, ಬೆಂಚಿಗೆ ಹೊಸ ರೆಕ್ಸಿನ್. ಬೆಳಿಗ್ಗೆ ಬೇಗ ಹೋಗಿ ಕಟ್ಟೆಯ ಹತ್ತಿರ ನಿಲ್ಲಿಸಿ ಹಾರ್ನ್ ಹೊಡೆದೆ. ಒಬ್ಬೊಬ್ಬರೇ ಬಂದರು. ಒಂಬತ್ತು ಜನವೂ. ದೊಡ್ಡಗಂಗಮ್ಮ ಕೋಲು ಊರಿಕೊಂಡು ಬಂದಳು.

ಗಾಡಿ ಸುತ್ತ ತಿರುಗಿದರು. ಚಕ್ರ ಮುಟ್ಟಿದರು. ಚೆನ್ನಾಗಿದೆ ಅಂದರು. ಯಾರೂ ಹತ್ತಲಿಲ್ಲ.

"ಏನ್ರೇ, ಆರತಿ ಎತ್ತಬೇಕಾ? ಹತ್ರಿ."

ಒಬ್ಬರ ಮುಖ ಒಬ್ಬರು ನೋಡಿದರು. ಆಗಲೇ ದಿನ್ನೆಯ ಮೇಲೆ ಕೆಂಪು ಬಸ್ ಕಾಣಿಸಿತು. ನಮ್ಮ ಊರಿಗೆ ಯಾವತ್ತೂ ಬಾರದಿದ್ದದ್ದು.

"ಹೋದ ವಾರದಿಂದ ಬಿಟ್ಟಿದಾರೆ ಅಣ್ಣಾ, ರಾಯಲ್ಪಾಡು ಬಸ್ಸನ್ನ ನಮ್ಮೂರ ಒಳಗಿಂದ ತಿರುಗಿಸ್ತಾರೆ," ಅಂದಳು ಮುನ್ನೀ ಬೀ, ನೆಲ ನೋಡಿಕೊಂಡು. "ಹೇಳೋಣ ಅಂತಲೇ ಇದ್ವಿ. ನೀವು ಊರಲ್ಲಿರಲಿಲ್ಲ. ಫೋನ್‌ನಲ್ಲಿ ಹೆಂಗೆ ಹೇಳೋದು..."

ಹೆಂಗಸರಿಗೆ ಟಿಕೆಟ್ ಇಲ್ಲ. ಅದು ಗೊತ್ತಿದ್ದದ್ದೇ. ಬಸ್ಸೇ ಇಲ್ಲದ ಊರಿಗೆ ಟಿಕೆಟ್ ಇದ್ದರೇನು, ಬಿಟ್ಟರೇನು ಅಂದುಕೊಂಡಿದ್ದೆ.

"ಸರ್ಕಾರ ಏನ್ ಫ್ರೀ ಕೊಡೋದು, ನಾನೂ ಫ್ರೀ ಕರ್ಕೊಂಡು ಹೋಗ್ತೀನಿ! ಹತ್ರೇ!"

"ಡೀಸೆಲ್ ಏನು ನಿಮ್ಮ ಬೋರ್‌ವೆಲ್ಲಲ್ಲಿ ಬರ್ತದಾ ಮಾವ? ಸುಮ್ನಿರಿ," ಅಂದಳು ಮುನಿಯಲ್ಲಮ್ಮ. ತಮಾಷೆಯ ದನಿಯಲ್ಲಿ ಅಲ್ಲ. ಅದೇ ಕಷ್ಟವಾಯಿತು.

ಬಸ್ಸಿಗೆ ನನ್ನ ಗಾಡಿ ಅಡ್ಡ. ಡ್ರೈವರ್ ಹಾರ್ನ್ ಹೊಡೆದ. ಪಕ್ಕಕ್ಕೆ ತೆಗೆದೆ. ದೊಡ್ಡಗಂಗಮ್ಮ ಬಸ್ಸಿನ ಮೆಟ್ಟಿಲು ನೋಡಿದಳು, ನನ್ನ ಗಾಡಿಯ ಮುಂದಿನ ಬಾಗಿಲು ನೋಡಿದಳು. ಆ ಬಾಗಿಲು ತೆರೆದೇ ಇಟ್ಟಿದ್ದೆ. ಅಷ್ಟರಲ್ಲಿ ಮೇಲಿಂದ ಇಬ್ಬರು ಅವಳ ಕೈ ಹಿಡಿದರು, ಕೆಳಗಿನಿಂದ ಮುನಿಯಲ್ಲಮ್ಮ ತಳ್ಳಿದಳು. ಹತ್ತಿಬಿಟ್ಟಳು.

ಕಿಟಕಿಯಿಂದ ಎಲ್ಲರೂ ಕೈ ಬೀಸಿದರು. ನಾನೂ ಬೀಸಿದೆ.

ಕೋಪ ಯಾರ ಮೇಲೆ? ದಿನಾ ಹೋಗಿಬರುವುದಕ್ಕೆ ನಾನು ತೆಗೆದುಕೊಳ್ಳುತ್ತಿದ್ದುದು ಅವರ ಕೂಲಿಯಲ್ಲಿ ಒಂದು ಸೇರು ಅಕ್ಕಿಯ ದುಡ್ಡು.

ಮೇ 14

ಹೋಗಲಿಲ್ಲ. ಹಾರ್ನ್ ಮಾತ್ರ ಕೇಳಿಸಿತು, ಬಸ್ಸಿನದು.

ಜೂನ್ 2

ಕೋಲಾರದಿಂದ ಶ್ರೀಧರ್ ಫೋನ್ ಮಾಡಿದ್ದ, ನಮ್ಮ ಅಕ್ಕನ ಮಗ. ತಿಂಗಳಿಗೊಮ್ಮೆ ಮಾಡುತ್ತಾನೆ, ಭಾನುವಾರ.

"ಮಾವ, ಆ ಗಾಡಿ ಮಾರಿಬಿಡಿ."

"ಬೆಂಗಳೂರಿನವರು ಕೇಳ್ತಿದಾರೆ ಕಣೋ. ಐದು ಲಕ್ಷ ಅಂದ್ರು. ಥೂ ಹೋಗ್ರಯ್ಯ ಅಂದೆ."

"ಹೂಂ," ಅಂದ. ಮೊದಲಾದರೆ ಜಗಳವಾಡುತ್ತಿದ್ದ. ಈಗ ಹೂಂ ಅನ್ನುತ್ತಾನೆ. ಊಟ ಆಯ್ತಾ ಅಂದ. ಆಯ್ತು ಅಂದೆ.

ಸಂಜೆ ಗಾಡಿ ತೆಗೆದುಕೊಂಡು ಸುಮ್ಮನೆ ಒಂದು ರೌಂಡ್ ಹೋದೆ. ಮೇಕೆ ಕುಣಿದ ಹಾಗೆ ಕುಣಿಯುತ್ತದೆ. ತಲೆ ಎರಡು ಸಲ ಟಾಪಿಗೆ ಬಡಿಯಿತು. ಮಾಲೂರಿನವನು ಹೇಳಿದ್ದು ಸರಿ, ಈ ಪಟ್ಟಾ ಕೂತು ಬಗ್ಗಬೇಕಾದರೆ ಒಂಬತ್ತು ಜನ ಬೇಕು. ಒಬ್ಬನ ತೂಕಕ್ಕೆ ಅದು ಜಗ್ಗುವುದೇ ಇಲ್ಲ.

ತೋಪಿನ ಮುಂದೆ ಅಮರನಾಥನ ಲಾರಿ ನಿಂತಿತ್ತು. ಬಾದಾಮಿ ಮಾವಿನಕಾಯಿ ಕೀಳುತ್ತಿದ್ದರು. ಕೊಂಬೆಗಳು ನೆಲಕ್ಕೆ ಬಾಗಿದ್ದವು. ನಿಲ್ಲಿಸದೆ ಬಂದೆ.

ಜೂನ್ 11, ಸಂಜೆ

ಶ್ರೀನಿವಾಸಪುರದಲ್ಲಿ ಕೆಲಸ ಇತ್ತು. ಇರಲಿಲ್ಲ.

ಬಸ್ ಹತ್ತಿದೆ. ಮುಂದೆಲ್ಲ ಹೆಂಗಸರು, ಜಾಗ ಸಿಕ್ಕಿದ್ದು ಕೊನೆಯ ಸೀಟಿನಲ್ಲಿ, ಸ್ಟೆಪ್ನಿ ಪಕ್ಕ. ಕಂಡಕ್ಟರ್ ಬಂದ. ಇಡೀ ಬಸ್ಸಿನಲ್ಲಿ ಚೀಲಕ್ಕೆ ದುಡ್ಡು ಹಾಕಿದವರು ನಾಲ್ಕೈದು ಜನ. ಅದರಲ್ಲಿ ನಾನೊಬ್ಬ.

ಮುನಿಯಲ್ಲಮ್ಮ ತಿರುಗಿ ನೋಡಿದಳು. "ಅಯ್ಯೋ! ಮಾವ ಬಂದವ್ರೆ ಕಣ್ರೇ! ಏನ್ ಮಾವ, ಗಾಡಿ ಎಲ್ಲಿ?"

"ಈ ಬಸ್ಸಿನ ಪಟ್ಟಾ ನೋಡೋಕೆ ಬಂದಿದೀನಿ. ಡಿಪೋದವರು ಕರೆಸಿದ್ರು," ಅಂತ ಕೂಗಿದೆ.

"ಏನಂತೆ?"

"ನನ್ನ ಗಾಡೀದೇ ಚೆನ್ನಾಗಿದೆ ಅಂತ ಬರೆದುಕೊಡ್ಬೇಕಂತೆ!"

ನಕ್ಕರು. ಎಲ್ಲರೂ ಅಲ್ಲ, ಹತ್ತಿರದವರು. ಮುಂದಿನವರಿಗೆ ಕೇಳಿಸಲಿಲ್ಲ. ಇನ್ನೊಂದು ಮಾತು ಕೂಗಿದೆ, ಇಂಜಿನ್ ಸದ್ದಿಗೆ ಅರ್ಧ ಹೋಯಿತು. ದೊಡ್ಡಗಂಗಮ್ಮ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದಳು. ನನ್ನ ಪಕ್ಕದಲ್ಲಿ ಅವಳು ಒಂದು ದಿನವೂ ನಿದ್ದೆ ಮಾಡಿದ್ದಿಲ್ಲ. ಭಯಕ್ಕೆ ಇರಬಹುದು.

ಶ್ರೀನಿವಾಸಪುರದಲ್ಲಿ ಇಳಿದಾಗ ಮುನ್ನೀ ಬೀ ಕಾದು ನಿಂತಿದ್ದಳು. ಉಳಿದವರು ಮಂಡಿಯ ಕಡೆ ಹೊರಟರು.

"ಅಣ್ಣಾ, ಒಂದ್ ಮಾತು. ನಿಮ್ಮ ತೋಪಿನ ಕಾಯಿ ಆರಿಸಿದ್ವಿ ಈ ವಾರ ಪೂರಾ. ನಾವೇ ಆರಿಸಿದ್ದು. ಅಂಥ ಕಾಯಿ ಈ ವರ್ಷ ಯಾರದ್ದೂ ಬಂದಿಲ್ಲ." ಚೀಲ ಹೆಗಲಿಗೆ ಏರಿಸಿಕೊಂಡು, "ನಮಗೋಸ್ಕರ ಎಷ್ಟು ಹಾಕಿದ್ರಿ ಗಾಡಿಗೆ? ಖರೇ ಹೇಳ್ರಿ."

"ಹದಿನೈದು ಸಾವಿರ. ನಿಮಗೋಸ್ಕರ ಯಾರು ಹಾಕಿದ್ರು? ನನಗೆ ಶೋಕಿ."

ಅವಳು ಚೀಲದಿಂದ ಒಂದು ರೊಟ್ಟಿ, ಚಟ್ನಿ, ಕಾಗದದಲ್ಲಿ ಸುತ್ತಿ ಕೊಟ್ಟು, ಸಂಜೆ ಐದೂವರೆಗೆ ವಾಪಸ್ ಬಸ್ಸು, ಹಿಂದೆ ಕೂರಬೇಡಿ, ಮುಂದೆ ಒಂದು ಸೀಟ್ ಹಿಡಿದಿರ್ತೀವಿ ಅಂದಳು. ಅದು ಹೆಂಗಸರ ಸೀಟು ಅಂದೆ. ಕಂಡಕ್ಟರ್‌ಗೆ ಮುನಿಯಲ್ಲಮ್ಮ ಹೇಳ್ತಾಳೆ ಅಂದಳು.

ಹೇಳಿದಳು ಕೂಡ. ಕೂತು ಬಂದೆ.

ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದುಕೊಂಡು ಬಂದಿದ್ದೇನೆ. ಇರಲಿ. ಈಗ ಬರೆಯುತ್ತೇನೆ, ಒಂದೇ ಸಲ. ಆಕ್ಸಲ್, ಎರಡು ಸಲದ ಕೂಲಿ, ಪಟ್ಟಾ, ಚಕ್ರ, ರೆಕ್ಸಿನ್ ಎಲ್ಲ ಸೇರಿ ಎಂಬತ್ತಾರು ಸಾವಿರ. ತೋಪನ್ನು ಹೂವಿಗೆ ಕೊಡದೆ ಹಣ್ಣಿಗೆ ಕೊಟ್ಟಿದ್ದರೆ ಇನ್ನೂ ಬರುತ್ತಿದ್ದದ್ದು ಒಂದು ಲಕ್ಷದ ಮೂವತ್ತು ಸಾವಿರ — ಅಮರನಾಥನೇ ಹೇಳಿದ, ಟವಲ್ ಇಲ್ಲದೆ. ಒಟ್ಟು ಹೋದದ್ದು ಎರಡು ಲಕ್ಷದ ಹದಿನಾರು ಸಾವಿರ.

ಇವತ್ತಿನ ಬಸ್ ಚಾರ್ಜು ಬೇರೆ. ನಾಳೆಯದೂ.